ಹೊರಡುವ ಮುನ್ನವೇ ಆಗಬೇಕಾದ ತೀರ್ಮಾನ

1999ರ ಜುಲೈ 16, ಶುಕ್ರವಾರ. ಆ ಸಂಜೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಮಳೆ ಇರಲಿಲ್ಲ, ಗುಡುಗು ಮಿಂಚು ಇರಲಿಲ್ಲ, ಬಿರುಗಾಳಿಯೂ ಇರಲಿಲ್ಲ. ಬೇಸಿಗೆಯ ಸೆಕೆ, ಸೆಕೆಯ ಜೊತೆಗೆ ಕಡಲ ಮೇಲೆ ಹರಡಿಕೊಳ್ಳುವ ಮಬ್ಬು, ಅಷ್ಟೆ. ನ್ಯೂಜೆರ್ಸಿಯ ಕಾಲ್ಡ್‌ವೆಲ್ ಊರಿನ ಎಸೆಕ್ಸ್ ಕೌಂಟಿ ವಿಮಾನ ನಿಲ್ದಾಣದಿಂದ ರಾತ್ರಿ 8 ಗಂಟೆ 38 ನಿಮಿಷಕ್ಕೆ ಒಂಟಿ ಎಂಜಿನ್ನಿನ ಪೈಪರ್ ಸಾರಟೋಗಾ ವಿಮಾನವೊಂದು ಮೇಲೇರಿತು. ನಡೆಸುತ್ತಿದ್ದವರು 38 ವರ್ಷದ ಜಾನ್ ಎಫ್. ಕೆನಡಿ ಜೂನಿಯರ್, ಹತ್ಯೆಯಾದ ಅಧ್ಯಕ್ಷ ಕೆನಡಿಯ ಮಗ. ಜೊತೆಗಿದ್ದವರು ಹೆಂಡತಿ ಕ್ಯಾರೊಲಿನ್ ಮತ್ತು ಆಕೆಯ ಅಕ್ಕ ಲಾರೆನ್. ಅಕ್ಕನನ್ನು ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ ಇಳಿಸಿ, ಅಲ್ಲಿಂದ ಹಯಾನಿಸ್‌ಗೆ ಹೋಗಿ, ಮರುದಿನ ಚಿಕ್ಕಪ್ಪನ ಮಗಳ ಮದುವೆಗೆ ಸೇರಿಕೊಳ್ಳಬೇಕೆಂದಿತ್ತು. ಹೊರಟು ಒಂದು ಗಂಟೆ ದಾಟುತ್ತಿದ್ದಂತೆ, ದ್ವೀಪ ಇನ್ನೇನು ಏಳೆಂಟು ಮೈಲಿ ಇದೆ ಎನ್ನುವಾಗ, ವಿಮಾನ ಕಡಲಿಗೆ ಬಿತ್ತು. ಮೂವರಲ್ಲಿ ಯಾರೂ ಉಳಿಯಲಿಲ್ಲ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಒಂದು ವರ್ಷ ತನಿಖೆ ಮಾಡಿ 2000ದ ಜುಲೈನಲ್ಲಿ ವರದಿ ಕೊಟ್ಟಿತು. ಯಂತ್ರದಲ್ಲಿ ಅಪಘಾತಕ್ಕೆ ಕಾರಣವಾಗುವಂಥ ದೋಷ ಸಿಗಲಿಲ್ಲ. ರಾತ್ರಿ, ನೀರಿನ ಮೇಲೆ, ಇಳಿಯುತ್ತಿರುವಾಗ ಪೈಲಟ್‌ಗೆ ದಿಕ್ಕು ತಪ್ಪಿತು, ವಿಮಾನ ಹಿಡಿತಕ್ಕೆ ಸಿಗಲಿಲ್ಲ. ಮಬ್ಬು ಮತ್ತು ಕತ್ತಲೆ ಅದಕ್ಕೆ ಕೂಡಿಕೊಂಡವು. ಇದು ಮಂಡಳಿಯ ತೀರ್ಮಾನ. ಕೆನಡಿ ಮನೆತನದ ಶಾಪ, ಶ್ರೀಮಂತರ ಹುಂಬತನ ಎಂದೆಲ್ಲ ಆಗ ಪತ್ರಿಕೆಗಳು ಬರೆದವು. ವರದಿಯನ್ನು ಓದಿದರೆ ಆ ಮಾತುಗಳೆಲ್ಲ ಹಗುರವೆನಿಸುತ್ತವೆ. ಅದರಲ್ಲಿ ಕಾಣುವುದು ಹುಂಬನಲ್ಲ, ಕಾನೂನು ಅನುಮತಿಸಿದ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಹೋದ ಒಬ್ಬ ಮನುಷ್ಯ. ಸಣ್ಣ ವಿಮಾನಗಳ ಅಪಘಾತ ಅರ್ಥವಾಗಬೇಕಾದರೆ ಈ ಹೆಜ್ಜೆಗಳನ್ನೇ ನೋಡಬೇಕು.

ವಿಮಾನ ಹಾರಿಸುವುದಕ್ಕೆ ಎರಡು ಕ್ರಮಗಳಿವೆ. ಒಂದು, ಕಿಟಕಿಯಾಚೆ ನೋಡುತ್ತ ಹಾರುವುದು. ನೆಲ, ದಿಗಂತ, ದಾರಿಯ ಗುರುತುಗಳು ಕಣ್ಣಿಗೆ ಬೀಳುತ್ತಿರಬೇಕು. ಪೈಲಟ್‌ಗಳು ಇದನ್ನು ವಿಎಫ್‌ಆರ್ ಎನ್ನುತ್ತಾರೆ. ಇನ್ನೊಂದು, ಹೊರಗೆ ಏನೂ ಕಾಣದಿದ್ದರೂ ಮುಂದಿರುವ ಮೀಟರುಗಳನ್ನಷ್ಟೇ ನಂಬಿ ಹಾರುವುದು. ಅದು ಐಎಫ್‌ಆರ್. ಎರಡನೆಯದಕ್ಕೆ ಪ್ರತ್ಯೇಕ ತರಬೇತಿ, ಪ್ರತ್ಯೇಕ ಪರೀಕ್ಷೆ ಬೇಕು. ಪಾಸಾದವರಿಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಸಿಗುತ್ತದೆ. ಹವ್ಯಾಸಕ್ಕೆ, ಸ್ವಂತ ಓಡಾಟಕ್ಕೆ ಹಾರುವ ಬಹಳಷ್ಟು ಜನರ ಬಳಿ ಇರುವುದು ಮೊದಲನೆಯ ಲೈಸೆನ್ಸ್ ಮಾತ್ರ. ಕೆನಡಿಯವರದೂ ಅದೇ. ಇನ್‌ಸ್ಟ್ರುಮೆಂಟ್ ರೇಟಿಂಗ್‌ನ 25 ಪಾಠಗಳಲ್ಲಿ 12 ಮುಗಿಸಿದ್ದರು.

ಅವರ ಒಟ್ಟು ಹಾರಾಟ ಸುಮಾರು 310 ಗಂಟೆ. ಆ ದಾರಿ ಅವರಿಗೆ ಹೊಸತಲ್ಲ, ಅದಕ್ಕೂ ಹಿಂದಿನ 15 ತಿಂಗಳಲ್ಲಿ ಆ ಕಡೆಗೆ ಹತ್ತಾರು ಬಾರಿ ಹೋಗಿಬಂದಿದ್ದರು. ಹೊಸತಾಗಿದ್ದದ್ದು ವಿಮಾನ. ಅದರಲ್ಲಿ ಅವರು ಹಾರಿದ್ದು 36 ಗಂಟೆ; ಪಕ್ಕದಲ್ಲಿ ತರಬೇತುದಾರರಿಲ್ಲದೆ ಹಾರಿದ್ದು ಅದರಲ್ಲಿ ಮೂರು ಗಂಟೆ; ತರಬೇತುದಾರರೂ ಇಲ್ಲದೆ, ಹೊತ್ತೂ ಮುಳುಗಿದ ಮೇಲೆ ಹಾರಿದ್ದು ಒಂದು ಗಂಟೆಗಿಂತ ಕಡಿಮೆ. 310 ಎನ್ನುವ ದೊಡ್ಡ ಸಂಖ್ಯೆಯ ಹೊಟ್ಟೆಯೊಳಗೆ ಇಂಥ ಸಣ್ಣ ಸಂಖ್ಯೆ ಅಡಗಿತ್ತು. ಆ ರಾತ್ರಿ ಕೆಲಸಕ್ಕೆ ಬರಬೇಕಾಗಿದ್ದ ಅನುಭವವೆಂದರೆ ಅದೊಂದೇ.

ಹೊರಡುವ ಮುನ್ನ ಹವಾಮಾನ ನೋಡಿಕೊಂಡ ದಾಖಲೆಯೂ ಇದೆ. ದಾರಿಯುದ್ದಕ್ಕೂ ವಿಮಾನ ನಿಲ್ದಾಣಗಳು ವರದಿ ಮಾಡಿದ್ದ ಗೋಚರತೆ 4ರಿಂದ 10 ಮೈಲಿ. ಅತಿ ಕಡಿಮೆ, ಅಂದರೆ 4 ಮೈಲಿ, ಇದ್ದದ್ದು ಅವರು ಹೊರಟ ಜಾಗದಲ್ಲೇ. ಕಣ್ಣಿನ ಹಾರಾಟಕ್ಕೆ ಅಲ್ಲಿ ಬೇಕಾದ ಕನಿಷ್ಠ ಗೋಚರತೆ 3 ಮೈಲಿ. ಹಾಗಾಗಿ ಹೋಗಬಹುದಿತ್ತು. ಆ ದೇಶದಲ್ಲಿ ರಾತ್ರಿ ವಿಎಫ್‌ಆರ್ ಹಾರಾಟಕ್ಕೂ ಅಡ್ಡಿಯಿಲ್ಲ. ಕಾಲಿನ ಮೂಳೆ ಮುರಿದು ಹಾಕಿದ್ದ ಕಟ್ಟನ್ನು ಹಿಂದಿನ ದಿನವಷ್ಟೇ ಬಿಚ್ಚಿದ್ದರು. ತರಬೇತುದಾರರೊಬ್ಬರು ಜೊತೆಗೆ ಬರುತ್ತೇನೆಂದರು, ತಾನೊಬ್ಬನೇ ಮಾಡಿಕೊಳ್ಳುತ್ತೇನೆ ಎಂದು ಇವರು ಹೇಳಿದರು. ಅದೂ ಅವರ ಹಕ್ಕೇ. ಯಾವ ಹಂತದಲ್ಲೂ ಯಾರೂ ಕೈ ಅಡ್ಡ ಹಿಡಿಯುವಂತಿರಲಿಲ್ಲ.

ಕನೆಕ್ಟಿಕಟ್ ಕರಾವಳಿಯುದ್ದಕ್ಕೂ 5,500 ಅಡಿ ಎತ್ತರದಲ್ಲಿ ವಿಮಾನ ಸರಿಯಾಗಿಯೇ ಹೋಯಿತು. ಕೆಳಗೆ ಊರುಗಳ ದೀಪಗಳಿದ್ದವು. ರೋಡ್ ಐಲೆಂಡಿನ ಪಾಯಿಂಟ್ ಜೂಡಿತ್ ಬಳಿ ದಡ ಬಿಟ್ಟು ನೇರ ಕಡಲ ಮೇಲೆ ಹೊರಟಿತು. ಅಲ್ಲಿಂದ ಮುಂದೆ ಸುಮಾರು 30 ಮೈಲಿ ಬರೀ ನೀರು. ಅದೇ ರಾತ್ರಿ ಆ ಭಾಗದಲ್ಲಿ ಹಾರುತ್ತಿದ್ದ ಇನ್ನೊಬ್ಬ ಪೈಲಟ್ ತನಿಖೆಗಾರರಿಗೆ ಹೇಳಿದ ಮಾತು ವರದಿಯಲ್ಲಿದೆ: ದ್ವೀಪದ ಕಡೆ ನೋಡಿದರೆ ಒಂದು ದೀಪವೂ ಕಾಣಲಿಲ್ಲ, ಅಲ್ಲಿ ಕರೆಂಟು ಹೋಗಿದೆಯೇನೋ ಅಂದುಕೊಂಡೆ. ಕರೆಂಟು ಹೋಗಿರಲಿಲ್ಲ. ಮಬ್ಬು ನೀರನ್ನೂ ಆಕಾಶವನ್ನೂ ಒಂದೇ ಬಣ್ಣ ಮಾಡಿಬಿಟ್ಟಿತ್ತು. ಹವಾಮಾನ ವರದಿಯಲ್ಲಿ ನಾಲ್ಕಾರು ಮೈಲಿ ಗೋಚರತೆ ಇದ್ದರೂ ನೋಡಲು ಅಲ್ಲಿ ಏನೂ ಇರಲಿಲ್ಲ. ಗೋಚರತೆಯ ಅಂಕಿ ಕಣ್ಣು ಎಷ್ಟು ದೂರ ಹೋಗುತ್ತದೆಂದು ಹೇಳುತ್ತದೆಯೇ ಹೊರತು ಆ ದೂರದಲ್ಲಿ ದಿಗಂತವೊಂದು ಇದೆಯೇ ಎಂದು ಹೇಳುವುದಿಲ್ಲ. ಇದನ್ನು ಯಾರೂ ಇನ್ನೂ ಸರಿಯಾಗಿ ಒತ್ತಿ ಹೇಳುತ್ತಿಲ್ಲವೆಂದು ನನಗನಿಸುತ್ತದೆ.

ರೇಡಾರ್ ಗುರುತುಗಳು ಕೊನೆಯ ಕೆಲವು ನಿಮಿಷಗಳನ್ನು ಹಿಡಿದಿಟ್ಟಿವೆ. ದ್ವೀಪದ ವಿಮಾನ ನಿಲ್ದಾಣಕ್ಕೆ 34 ಮೈಲಿ ಇರುವಾಗ ವಿಮಾನ ಇಳಿಯತೊಡಗಿತು. ಎರಡೂವರೆ ಸಾವಿರ ಅಡಿಯ ಆಸುಪಾಸಿಗೆ ಬಂದಾಗ ಬಲಕ್ಕೆ ತಿರುಗಿತು, ಸ್ವಲ್ಪ ಮೇಲೇರಿತು, ಒಂದಷ್ಟು ಹೊತ್ತು ಸಮನಾಗಿ ಹೋಯಿತು, ಎಡಕ್ಕೆ ತಿರುಗಿತು, ಮತ್ತೆ ಬಲಕ್ಕೆ ವಾಲಿತು. ಈ ಸಲ ವಾಲಿದ್ದು ಸರಿಯಾಗಲಿಲ್ಲ. ವಾಲಿಕೆ 45 ಡಿಗ್ರಿ ದಾಟಿತು. ನಿಮಿಷಕ್ಕೆ 4,700 ಅಡಿಯಂತೆ ವಿಮಾನ ಕೆಳಕ್ಕೆ ಧಾವಿಸಿತು. ಅಪಾಯದ ಕರೆಯೇ ಇಲ್ಲ. ಕರೆಯಬೇಕಾದಂಥದ್ದು ಏನೋ ಆಗುತ್ತಿದೆಯೆಂದು ಅವರಿಗೆ ತಿಳಿದಿತ್ತೇ ಎಂಬುದೇ ಪ್ರಶ್ನೆ.

ಯಾಕೆ ತಿಳಿಯುವುದಿಲ್ಲ? ಉತ್ತರ ನಮ್ಮ ಕಿವಿಯೊಳಗಿದೆ. ಒಳಗಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳು, ಅವುಗಳಲ್ಲಿ ದ್ರವ, ದ್ರವದ ಚಲನೆಯನ್ನು ಗುರುತಿಸುವ ಸೂಕ್ಷ್ಮ ರೋಮಗಳು. ತಲೆ ತಿರುಗಿದಾಗ ದ್ರವ ಹಿಂದುಳಿಯುತ್ತದೆ, ರೋಮ ಬಾಗುತ್ತದೆ, ತಿರುಗುತ್ತಿದ್ದೇವೆಂದು ಮಿದುಳಿಗೆ ಗೊತ್ತಾಗುತ್ತದೆ. ತಿರುಗುವುದು ಒಂದೇ ವೇಗದಲ್ಲಿ ಮುಂದುವರಿದರೆ ಸುಮಾರು 20 ಸೆಕೆಂಡಿನಲ್ಲಿ ದ್ರವವೂ ಅದೇ ವೇಗ ಹಿಡಿಯುತ್ತದೆ, ರೋಮ ನೆಟ್ಟಗಾಗುತ್ತದೆ. ಆಮೇಲೆ ತಿರುಗುತ್ತಿದ್ದರೂ ತಿರುಗುತ್ತಿಲ್ಲವೆಂದೇ ಅನಿಸುತ್ತದೆ. ಬಹಳ ನಿಧಾನವಾಗಿ ವಾಲಿದರಂತೂ ಮೊದಲಿಂದಲೇ ಗೊತ್ತಾಗುವುದಿಲ್ಲ. ಹಾಗೆ ವಾಲಿದ ವಿಮಾನವನ್ನು ಸರಿಯಾಗಿ ನೇರ ಮಾಡಿದಾಗ ದ್ರವ ಇನ್ನೊಂದು ದಿಕ್ಕಿಗೆ ಹರಿದು, ವಿರುದ್ಧ ದಿಕ್ಕಿಗೆ ವಾಲಿದ್ದೇವೆಂದು ಹೇಳುತ್ತದೆ. ಮೈಯ ಮಾತು ಕೇಳಿದ ಪೈಲಟ್ ಮತ್ತೆ ಮೊದಲಿನ ವಾಲಿಕೆಗೇ ಮರಳುತ್ತಾನೆ. ವಾಲಿದ ವಿಮಾನದ ಮೂಗು ತಾನಾಗಿ ಇಳಿಯುತ್ತದೆ, ವೇಗ ಏರುತ್ತದೆ. ನೇರವಾಗಿ ಹೋಗುತ್ತ ಇಳಿಯುತ್ತಿದ್ದೇನೆಂದು ತಿಳಿದು ಅವನು ಹಿಡಿಯನ್ನು ತನ್ನತ್ತ ಎಳೆಯುತ್ತಾನೆ. ವಾಲಿಕೆ ಹಾಗೇ ಇರುವಾಗ ಎಳೆದರೆ ಸುತ್ತು ಇನ್ನಷ್ಟು ಬಿಗಿಯಾಗುತ್ತದಷ್ಟೆ. ಅಮೆರಿಕದ ಪೈಲಟ್‌ಗಳು ಇದನ್ನು ಮಸಣದ ಸುರುಳಿ ಎಂದು ಕರೆಯುತ್ತಾರೆ.

ಇದು ಮೊದಲು ಸಾಬೀತಾದದ್ದು ಆಕಾಶದಲ್ಲಲ್ಲ, ಒಂದು ಕುರ್ಚಿಯಲ್ಲಿ. 1926ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ರಿಸಿ ಫೀಲ್ಡ್‌ನಲ್ಲಿ ಸೇನೆಯ ವೈದ್ಯ ಡೇವಿಡ್ ಮೈಯರ್ಸ್, ವಿಲಿಯಂ ಆಕರ್ ಎಂಬ ಪಳಗಿದ ಪೈಲಟ್‌ನನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ಕಣ್ಣು ಮುಚ್ಚಿಸಿದರು. ಕುರ್ಚಿಯನ್ನು ತಿರುಗಿಸುತ್ತ, ನಿಧಾನಿಸುತ್ತ, ಯಾವ ಕಡೆ ತಿರುಗುತ್ತಿದ್ದೀರಿ ಎಂದು ಕೇಳಿದರು. ಕುರ್ಚಿ ನಿಧಾನವಾದರೆ ಆಕರ್ ನಿಂತಿತೆಂದರು, ನಿಂತರೆ ಹಿಂದಕ್ಕೆ ತಿರುಗುತ್ತಿದೆಯೆಂದರು. ಸೋತ ಆಕರ್ ಮನೆಗೆ ಹೋಗಿ ಒಂದು ಪೆಟ್ಟಿಗೆ ಮಾಡಿಕೊಂಡು ಬಂದರು. ಅದರೊಳಗೆ ತಿರುವು ತೋರಿಸುವ ಮೀಟರು, ದಿಕ್ಸೂಚಿ, ನೋಡಲು ಒಂದು ಟಾರ್ಚ್. ಮುಖವನ್ನು ಪೆಟ್ಟಿಗೆಗೆ ಒತ್ತಿ ಹಿಡಿದು ಮತ್ತೆ ಕುರ್ಚಿಯಲ್ಲಿ ಕೂತರು. ಈಗ ಪ್ರತಿ ಉತ್ತರವೂ ಸರಿ. ಮೈ ಏನಾದರೂ ಹೇಳಲಿ, ಮೀಟರನ್ನು ನಂಬಬೇಕೆಂದು ಅವತ್ತು ತಿಳಿಯಿತು. ಮೂರು ವರ್ಷದ ಮೇಲೆ, 1929ರ ಸೆಪ್ಟೆಂಬರ್ 24ರಂದು, ಜಿಮ್ಮಿ ಡೂಲಿಟ್ಲ್ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕೂತು, ಹೊರಗೆ ಒಮ್ಮೆಯೂ ನೋಡದೆ ಹಾರಿ ಇಳಿದು ತೋರಿಸಿದರು.

ಅದಾದ 25 ವರ್ಷಕ್ಕೆ, 1954ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದವರು ಇನ್ನೊಂದು ಪರೀಕ್ಷೆ ಮಾಡಿದರು. ಮೀಟರು ನೋಡಿ ಹಾರಿ ಗೊತ್ತಿಲ್ಲದ 20 ಪೈಲಟ್‌ಗಳನ್ನು, ಪಕ್ಕದಲ್ಲಿ ಸುರಕ್ಷತೆಗೆ ಒಬ್ಬರನ್ನು ಕೂರಿಸಿ, ಹೊರಗಿನದು ಕಾಣದಂತೆ ಮಾಡಿ ಹಾರಿಸಿದರು. 20ಕ್ಕೆ 20 ಮಂದಿಯೂ ವಿಮಾನದ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡು, ಅಂದರೆ ಮೂರು ನಿಮಿಷಕ್ಕೂ ಕಡಿಮೆ. ಒಬ್ಬರಿಗಂತೂ 20 ಸೆಕೆಂಡೇ ಸಾಕಾಯಿತು. ಈ 178ರ ಸಂಖ್ಯೆ ಪೈಲಟ್‌ಗಳ ಲೋಕದಲ್ಲಿ ಮನೆಮಾತು, ಹೆದರಿಸುವುದಕ್ಕೆ ಎಲ್ಲರೂ ಹೇಳುತ್ತಾರೆ. ಅದೇ ಪರೀಕ್ಷೆಯ ಉಳಿದರ್ಧವನ್ನು ಹೇಳುವವರು ಕಡಿಮೆ. ಆ ಪರೀಕ್ಷೆ ನಡೆದದ್ದೇ ಅಂಥವರನ್ನು ಮೋಡದಿಂದ ಹೊರಗೆ ತರುವ ಉಪಾಯ ಹುಡುಕುವುದಕ್ಕೆ. ವೇಗ ತಗ್ಗಿಸಿ, ಗಾಬರಿಯಲ್ಲಿ ಹಿಡಿ ಎಳೆಯದೆ, ಮೀಟರು ನೋಡುತ್ತ ನಿಧಾನವಾಗಿ 180 ಡಿಗ್ರಿ ತಿರುಗಿ ಬಂದ ದಾರಿಗೇ ಮರಳುವುದನ್ನು ಅದೇ ಜನರಿಗೆ ಕಲಿಸಿದರು. ಕಲಿತ ಮೇಲೆ ಹೆಚ್ಚುಕಡಿಮೆ ಪ್ರತಿ ಸಲವೂ ಅವರು ಹೊರಗೆ ಬಂದರು. ಇಂದು ಅಮೆರಿಕದಲ್ಲಿ ಖಾಸಗಿ ಲೈಸೆನ್ಸ್ ಬೇಕೆಂದರೂ ಮೂರು ಗಂಟೆ ಮೀಟರಿನ ಪಾಠ ಕಡ್ಡಾಯ. ಹಿಂದಿರುಗುವುದು ಹೇಡಿತನವಲ್ಲ ಎಂದಷ್ಟೇ ಹೇಳಿದರೆ ಸಾಲದು, ಅದು ಕೈಗೆ ಕಲಿಸಬೇಕಾದ ಒಂದು ಕೆಲಸ.

ಇಷ್ಟೆಲ್ಲ ಗೊತ್ತಿದ್ದೂ ಜನ ಯಾಕೆ ಮುಂದುವರಿಯುತ್ತಾರೆ? ಸಾಮಾನ್ಯವಾಗಿ ಸಿಗುವ ಉತ್ತರ, ತಲುಪಲೇಬೇಕೆಂಬ ಹಟ. ಇಷ್ಟು ದೂರ ಬಂದಾಯಿತು, ಇನ್ನೇನು ಬಂತು ಎನ್ನುವ ಮನಸ್ಸು. ಅದು ನಿಜವೇ, ಆದರೆ ಅಷ್ಟೇ ಅಲ್ಲ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಿಮ್ಯುಲೇಟರಿನಲ್ಲಿ ಕೂತ ಪೈಲಟ್‌ಗಳಿಗೆ ಕೆಲವರಿಗೆ ಪ್ರಯಾಣದ ಶುರುವಿನಲ್ಲೇ, ಕೆಲವರಿಗೆ ಕೊನೆಯ ಹೊತ್ತಿಗೆ ಹವಾಮಾನ ಕೆಡಿಸಿದರು. ಕೊನೆಯಲ್ಲಿ ಮೋಡ ಎದುರಾದವರು ಹೆಚ್ಚು ಹೊತ್ತು ಮುನ್ನುಗ್ಗುತ್ತಾರೆ ಎಂದು ಎಲ್ಲರಿಗೂ ಅನಿಸುತ್ತದಲ್ಲವೇ? ಆದದ್ದು ತಿರುಗಾಮುರುಗ. ಶುರುವಿನಲ್ಲೇ ಎದುರಾದವರೇ ಹೆಚ್ಚು ದೂರ ಒಳಕ್ಕೆ ಹೋದರು, ಹವಾಮಾನ ಇರುವುದಕ್ಕಿಂತ ಚೆನ್ನಾಗಿದೆಯೆಂದು ಅಂದಾಜು ಮಾಡಿದವರೂ ಅವರೇ. ಅನುಭವ ಕಡಿಮೆಯಿದ್ದಷ್ಟೂ ಒಳಹೋದ ದೂರ ಹೆಚ್ಚು. ಅಂದರೆ ಹಟಕ್ಕಿಂತ ಮೊದಲೇ ಕಣ್ಣು ಮೋಸಹೋಗಿರುತ್ತದೆ. ಕೆಟ್ಟದ್ದು ಅವರಿಗೆ ಕೆಟ್ಟದ್ದಾಗಿ ಕಂಡಿರುವುದೇ ಇಲ್ಲ. ನಾಲ್ಕು ಮೈಲಿ ಮೂರೂವರೆಯಾಗುತ್ತದೆ, ಮೂರೂವರೆ ಮೂರಾಗುತ್ತದೆ. ಹಿಂದಿನ ನಿಮಿಷಕ್ಕೂ ಈ ನಿಮಿಷಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಇರುವುದಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಮಂಜು ಕವಿದರೆ ಗಾಡಿಯನ್ನು ಬದಿಗೆ ಹಾಕಿ, ದೀಪ ಹಚ್ಚಿ ಕಾಯಬಹುದು. ವಿಮಾನಕ್ಕೆ ನಿಲ್ಲುವ ಬದಿ ಎಂಬುದಿಲ್ಲ. ಯೋಚಿಸುತ್ತ ಕೂರುವ ಹೊತ್ತಿನಲ್ಲೂ ಅದು ನಿಮಿಷಕ್ಕೆ ಎರಡು ಮೂರು ಮೈಲಿ ಮುಂದೆ ಹೋಗುತ್ತಿರುತ್ತದೆ.

ಅನುಭವಿಗಳಿಗೆ ಇದು ಆಗದು ಎನ್ನುವಂತೆಯೂ ಇಲ್ಲ. 2020ರ ಜನವರಿ 26ರಂದು ಲಾಸ್ ಏಂಜಲಿಸ್ ಬಳಿ ಕ್ಯಾಲಬಾಸಸ್‌ನ ಬೆಟ್ಟಕ್ಕೆ ಹೆಲಿಕಾಪ್ಟರ್ ಬಡಿದು ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್, ಅವರ 13 ವರ್ಷದ ಮಗಳು ಸೇರಿ ಒಂಬತ್ತು ಮಂದಿ ಸತ್ತರು. ಪೈಲಟ್ 8 ಸಾವಿರ ಗಂಟೆಗೂ ಮೀರಿ ಹಾರಿದ್ದವರು, ಇನ್‌ಸ್ಟ್ರುಮೆಂಟ್ ರೇಟಿಂಗ್ ಇದ್ದವರು. ಮೋಡದೊಳಗೆ ಹೊಕ್ಕು, ಮೇಲಕ್ಕೆ ಏರುತ್ತಿದ್ದೇನೆಂದು ರೇಡಿಯೊದಲ್ಲಿ ಹೇಳುತ್ತಿದ್ದ ಹೊತ್ತಿನಲ್ಲೇ ಹೆಲಿಕಾಪ್ಟರ್ ಎಡಕ್ಕೆ ತಿರುಗಿ ಇಳಿಯುತ್ತಿತ್ತು. ಮೋಡದ ಮೇಲ್ಪದರ ಇನ್ನು ಸುಮಾರು 100 ಅಡಿ ಮಾತ್ರ ಇತ್ತು. ಹೋಗಲೇಬೇಕೆಂದು ಗಿರಾಕಿಯಾಗಲಿ ಕಂಪನಿಯಾಗಲಿ ಒತ್ತಾಯಿಸಿದ ಪುರಾವೆ ತನಿಖೆಗೆ ಸಿಗಲಿಲ್ಲ. ತಲುಪಿಸಲೇಬೇಕೆಂಬ ಒತ್ತಡವನ್ನು ಪೈಲಟ್ ತನ್ನ ಮೇಲೆ ತಾನೇ ಹಾಕಿಕೊಂಡಿದ್ದರು ಎಂದು ಅದೇ ಸುರಕ್ಷತಾ ಮಂಡಳಿ ಹೇಳಿತು. ಯಾರೂ ಒತ್ತಾಯಿಸದಿದ್ದರೂ ಒತ್ತಡ ಹುಟ್ಟುತ್ತದೆ. ಇಷ್ಟದ ಗಿರಾಕಿ, ಕಾಯುತ್ತಿರುವ ಮಕ್ಕಳು, ನಾಳೆಯ ಮದುವೆ, ಇವು ಸಾಕು.

ಹಾಗಾದರೆ ತೀರ್ಮಾನ ಎಲ್ಲಿ ಆಗಬೇಕು? ನೆಲದ ಮೇಲೆ, ಹಿಂದಿನ ರಾತ್ರಿ, ಮನೆಯಲ್ಲಿ ಕೂತಿರುವಾಗ. ಮಂಜಿನ ಮುಂದೆ ಕೂತ ಮಿದುಳಿನ ಮೇಲೆ ನಂಬಿಕೆ ಇಡುವಂತಿಲ್ಲ ಎಂದಾದರೆ, ನಂಬಬಹುದಾದ ಮಿದುಳು ಇರುವಾಗಲೇ ಬರೆದಿಟ್ಟುಕೊಳ್ಳಬೇಕು. ಒಳ್ಳೆಯ ತರಬೇತುದಾರರು ತಮ್ಮ ವಿದ್ಯಾರ್ಥಿಗಳಿಂದ ಇದನ್ನೇ ಮಾಡಿಸುತ್ತಾರೆ. ಕಾನೂನು 3 ಮೈಲಿ ಎನ್ನುತ್ತದೆ, ನನ್ನದು ಹಗಲಿನಲ್ಲಿ 6, ರಾತ್ರಿ 10. ರಾತ್ರಿ ನೀರಿನ ಮೇಲೆ ಹಾರುವುದಿಲ್ಲ. ಮೋಡ ಇಷ್ಟು ಅಡಿಗಿಂತ ಕೆಳಗಿದ್ದರೆ ಹೊರಡುವುದಿಲ್ಲ. ಇಂಥ ಊರಿನ ಮೇಲೆ ಬಂದಾಗ ಮುಂದಿನ ಬೆಟ್ಟ ಕಾಣದಿದ್ದರೆ ಅಲ್ಲೇ ತಿರುಗುತ್ತೇನೆ. ಬರೆದದ್ದನ್ನು ಹೆಂಡತಿಗೋ ಗಂಡನಿಗೋ ಗೆಳೆಯರಿಗೋ ತೋರಿಸಿರಬೇಕು. ಮದುವೆ ಮನೆಯವರಿಗೆ ಮೊದಲೇ, ಬರುವುದು ನಾಳೆ ಬೆಳಿಗ್ಗೆಯೂ ಆಗಬಹುದು, ಕಾರಿನಲ್ಲೂ ಆಗಬಹುದು ಎಂದು ಹೇಳಿರಬೇಕು. ಹಾಗೆ ಹೇಳಿಟ್ಟವನಿಗೆ ಹೋಗದಿರುವುದು ಸುಲಭ.

ನಮ್ಮ ದೇಶದಲ್ಲಿ ಒಂದು ಬಾಗಿಲನ್ನು ಕಾನೂನೇ ಮುಚ್ಚಿದೆ. ಸೂರ್ಯಾಸ್ತವಾಗಿ 20 ನಿಮಿಷ ಕಳೆದ ಮೇಲೆ ಭಾರತದಲ್ಲಿ ವಿಎಫ್‌ಆರ್ ಹಾರಾಟಕ್ಕೆ ಅವಕಾಶವಿಲ್ಲ, ಫ್ಲೈಯಿಂಗ್ ಕ್ಲಬ್ಬುಗಳ ಸ್ಥಳೀಯ ತರಬೇತಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಕೆನಡಿಯವರ ಆ ಪ್ರಯಾಣ ಇಲ್ಲಾಗಿದ್ದರೆ ಶುರುವೇ ಆಗುತ್ತಿರಲಿಲ್ಲ. ಇದು ಬಿಗಿಯಾದ ನಿಯಮ, ನನಗೆ ಒಪ್ಪಿಗೆಯಾದ ನಿಯಮ. ಆದರೆ ಹಗಲಿನ ಮೋಡಕ್ಕೆ ಅದು ಏನೂ ಮಾಡದು. ಕೇದಾರನಾಥದ ಕಣಿವೆಯಲ್ಲಿ 2022ರ ಅಕ್ಟೋಬರ್ 18ರಂದು ಒಂದು ಹೆಲಿಕಾಪ್ಟರ್ ಬಿದ್ದು ಏಳು ಜನ, 2025ರ ಜೂನ್ 15ರ ಬೆಳಗಿನ ಜಾವ ಗೌರಿಕುಂಡದ ಬಳಿ ಇನ್ನೊಂದು ಬಿದ್ದು ಏಳು ಜನ ಹೋದರು; ಎರಡು ದಿನವೂ ಕಣಿವೆಯಲ್ಲಿ ಮೋಡವಿತ್ತು. ಅಲ್ಲಿ ಹಾರಿಸುವವರು ಹವ್ಯಾಸಿಗಳಲ್ಲ, ವೃತ್ತಿಯವರು. ಆದರೂ ಕಣ್ಣಿಂದ ನೋಡಿ ಹಾರುವ ದಾರಿಯೇ ಅದು. ಕರ್ನಾಟಕದಿಂದ ಪ್ರತಿ ವರ್ಷ ಹೋಗುವ ಯಾತ್ರಿಕರಲ್ಲಿ ವಯಸ್ಸಾದವರು ಬಹಳ ಮಂದಿ ಈ ಹೆಲಿಕಾಪ್ಟರನ್ನೇ ನೆಚ್ಚಿಕೊಂಡಿರುತ್ತಾರೆ. ಹಾರಾಟ ನಿಲ್ಲಿಸಿದ ದಿನ ಹೆಲಿಪ್ಯಾಡಿನಲ್ಲಿ ಬೇಸರಪಡುವವರೂ, ಬೆಳಿಗ್ಗೆಯಿಂದ ಕಾದಿದ್ದೇವೆ ಎಂದು ರೇಗುವವರೂ ಅವರೇ, ನಾವೇ. ಸರದಿಯಲ್ಲಿ ನಿಂತವರ ಆ ಅಸಹನೆಯೂ ಪೈಲಟ್‌ನ ತಲೆಯೊಳಗೆ ಹೋಗಿ ಕೂರುತ್ತದೆ.

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ವಿವೇಕದ ಉತ್ತರ ಅಲಾಸ್ಕದ್ದು. ಅಲ್ಲಿನ ಬಹುಪಾಲು ಊರುಗಳಿಗೆ ರಸ್ತೆಯಿಲ್ಲ, ಟಪಾಲು, ತರಕಾರಿ, ರೋಗಿ ಎಲ್ಲವೂ ಸಣ್ಣ ವಿಮಾನದಲ್ಲಿ, ಪರ್ವತಗಳ ನಡುವಿನ ಕಣಿವೆಗಳಲ್ಲಿ ಸಾಗಬೇಕು. ಮೊದಲೆಲ್ಲ ಹೋಗಿಯೇ ನೋಡಬೇಕಿತ್ತು, ಹೋಗಿ ನೋಡಿದವರಲ್ಲಿ ಕೆಲವರು ಬರಲಿಲ್ಲ. 1999ರಿಂದ, ಅಂದರೆ ಕೆನಡಿ ಸತ್ತ ವರ್ಷದಿಂದಲೇ, ಅಮೆರಿಕದ ವಿಮಾನಯಾನ ಆಡಳಿತ ಆ ಕಣಿವೆಗಳಲ್ಲಿ ಕ್ಯಾಮೆರಾಗಳನ್ನು ನೆಡುತ್ತ ಬಂದಿತು. ಈಗ ಅಲಾಸ್ಕದಲ್ಲೇ 200ಕ್ಕೂ ಹೆಚ್ಚು ಕಡೆ ಇವೆ. ಲೇಕ್ ಕ್ಲಾರ್ಕ್ ಪಾಸ್ ದಾಟಬೇಕಾದ ಪೈಲಟ್ ಮೊಬೈಲಿನಲ್ಲಿ ಎರಡು ಚಿತ್ರ ನೋಡುತ್ತಾನೆ. ಒಂದು, ಶುಭ್ರ ದಿನದಲ್ಲಿ ತೆಗೆದದ್ದು, ಅದರಲ್ಲಿ ಒಂದೊಂದು ಶಿಖರದ ಎತ್ತರವನ್ನೂ ದೂರವನ್ನೂ ಗುರುತು ಹಾಕಿದ್ದಾರೆ. ಇನ್ನೊಂದು, ಕೆಲವೇ ನಿಮಿಷ ಹಿಂದೆ ತೆಗೆದದ್ದು. ಮೊದಲ ಚಿತ್ರದಲ್ಲಿ ಐದು ಮೈಲಿ ಎಂದು ಬರೆದಿರುವ ಬೆಟ್ಟ ಎರಡನೆಯದರಲ್ಲಿ ಇಲ್ಲವೆಂದರೆ ಅಲ್ಲಿಗೆ ಲೆಕ್ಕ ಮುಗಿಯಿತು. ಅಂದಾಜು ಬೇಡ, ಧೈರ್ಯ ಬೇಡ, ಯಾರೊಡನೆ ವಾದವೂ ಬೇಡ.

ಫಾಟಾ, ಸಿರ್ಸಿ, ಗುಪ್ತಕಾಶಿಯ ಹೆಲಿಪ್ಯಾಡುಗಳಿಂದ ಕೇದಾರದವರೆಗಿನ ಕಣಿವೆಯ ಪ್ರತಿ ತಿರುವಿನಲ್ಲೂ ಇಂಥ ಕ್ಯಾಮೆರಾ ಇರಬೇಕು ಎನ್ನುವುದು ನನ್ನ ಬೇಡಿಕೆ. ಆ ಎರಡು ಚಿತ್ರಗಳನ್ನು ಪೈಲಟ್‌ನ ಕೋಣೆಯಲ್ಲಿ ಮಾತ್ರವಲ್ಲ, ಟಿಕೆಟ್ ಕೌಂಟರಿನ ಮೇಲೂ ದೊಡ್ಡ ಪರದೆಯಲ್ಲಿ ತೋರಿಸಬೇಕು, ಸರದಿಯಲ್ಲಿ ನಿಂತ ಯಾತ್ರಿಕರೂ ನೋಡುವಂತೆ.